ಸರ್ಕಾರ ಬಿಟ್ಟ ಅರ್ಧ

ಅರ್ಧ ಟಿಕೀಟಿಗೆ ಸೀಟಿಲ್ಲ.

ಈ ಮಾತನ್ನು ಒಂಬತ್ತು ತಿಂಗಳು, ದಿನಕ್ಕೆ ಎರಡು ಸಲ ಕೇಳಿದೆ. ಹೋಗುವಾಗ ಒಂದು, ಬರುವಾಗ ಒಂದು. ಹೇಳುತ್ತಿದ್ದವನು ಕಂಡಕ್ಟರ್ ಕೋನಪ್ಪ. ಬಸ್ಸು ನಮ್ಮೂರು ಎರ್ರಕುಂಟೆಯ ಪಟೇಲ ವೆಂಕಟರಾಮಪ್ಪನದು. ನಿಲ್ಲುತ್ತಿದ್ದವಳು ನಾನು, ಹೊಲಗೇರಿಯ ತೋಟಿ ಬಯ್ಯಪ್ಪನ ಮಗಳು ಲಕ್ಷ್ಮಿದೇವಮ್ಮ. ಅರವತ್ತಾರನೇ ಇಸವಿ ಜೂನ್‌ನಲ್ಲಿ ಚಿಂತಾಮಣಿ ಕಾಲೇಜಿಗೆ ಪಿಯುಸಿ ಸೇರಿದೆ. ನಮ್ಮ ಕೇರಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನೇ.

ಹದಿನಾಲ್ಕು ಮೈಲಿ ರಸ್ತೆ. ಮೈಲಿಗೆ ನೂರು ಗುಂಡಿ. ಹಿಂದಿನ ಬಾಗಿಲ ಹತ್ತಿರ ರೇಷ್ಮೆ ಗೂಡಿನ ಮೂಟೆ, ಕೋಳಿ ಬುಟ್ಟಿ, ಸೀಮೆಎಣ್ಣೆ ಡಬ್ಬಗಳ ನಡುವೆ ಕಂಬಿ ಹಿಡಿದು ನಿಲ್ಲಬೇಕು. ಸೀಟು ಖಾಲಿ ಇರುತ್ತಿರಲಿಲ್ಲವೇ ಎಂದು ಈಗಿನವರು ಕೇಳುತ್ತಾರೆ. ಇರುತ್ತಿತ್ತು ಸ್ವಾಮಿ. ಅಂಬಾಜಿದುರ್ಗದ ಬೆಟ್ಟ ಕಣ್ಣಿಗೆ ಬೀಳುವ ಹೊತ್ತಿಗೆ ಎಷ್ಟೋ ದಿನ ಅರ್ಧ ಬಸ್ಸು ಖಾಲಿಯೇ. "ಪೂರಾ ದುಡ್ಡು ಕೊಟ್ಟೋರು ಮುಂದಿನ ಸ್ಟಾಪಲ್ಲಿ ಹತ್ತಿದ್ರೆ ಏನ್ ಮಾಡ್ಲಿ?" ಎನ್ನುತ್ತಿದ್ದ ಕೋನಪ್ಪ. ಮುಂದಿನ ಸ್ಟಾಪಿನಲ್ಲಿ ಯಾರೂ ಹತ್ತದಿದ್ದರೆ ಅದರ ಮುಂದಿನ ಸ್ಟಾಪು. ಹಾಗೇ ಚಿಂತಾಮಣಿ ಬಂದುಬಿಡುತ್ತಿತ್ತು.

ಅದೇ ಬಸ್ಸಿನಲ್ಲಿ ಊರೊಳಗಿನ ಇಬ್ಬರು ಹುಡುಗರೂ ಬರುತ್ತಿದ್ದರು. ಅದೇ ಕಾಲೇಜು, ಅದೇ ಕ್ಲಾಸು. ಅವರದೂ ಅರ್ಧ ಟಿಕೀಟೇ. ಅವರು ಎರಡನೇ ಸಾಲಿನಲ್ಲಿ ಕಾಲು ಚಾಚಿ ಕೂತು ಶೇಂಗಾ ತಿನ್ನುತ್ತಿದ್ದರು. ಸಿಪ್ಪೆ ಉರುಳಿಕೊಂಡು ನನ್ನ ಕಾಲ ಹತ್ತಿರ ಬರುತ್ತಿತ್ತು. ಅವರ ಅರ್ಧಕ್ಕೆ ಸೀಟಿತ್ತು, ನನ್ನ ಅರ್ಧಕ್ಕೆ ಇರಲಿಲ್ಲ. ಯಾಕೆ ಎಂದು ಕೇಳುವಷ್ಟು ದಡ್ಡಿ ನಾನಲ್ಲ. ಕೇಳಲಿಲ್ಲ. ನಾಲ್ಕಕ್ಷರ ಕಲಿತು ಮೇಷ್ಟ್ರಮ್ಮ ಆಗಿಬಿಟ್ಟರೆ ಸಾಕು, ಅಲ್ಲಿವರೆಗೂ ನಿಂತೇ ಹೋಗೋಣ ಎಂದುಕೊಂಡಿದ್ದೆ.

ಅರ್ಧ ಟಿಕೀಟು ಹೇಗೆ ಸಿಕ್ಕಿತು ಎಂದು ಹೇಳಬೇಕು. ಕಾಲೇಜು ಸೇರಿದ ವಾರವೇ ಒಂದು ಫಾರಂ ಕೊಟ್ಟರು. ಓದುವ ಮಕ್ಕಳಿಂದ ಬಸ್ಸಿನವರು ಅರ್ಧ ಚಾರ್ಜು ಮಾತ್ರ ತೆಗೆದುಕೊಳ್ಳಬೇಕು ಎಂದು ಅದರಲ್ಲಿ ಅಚ್ಚಾಗಿತ್ತು. ಪ್ರಿನ್ಸಿಪಾಲರ ಸಹಿ, ಮೊಹರು ಬಿದ್ದಿತ್ತು. ಬಸ್ಸಿನ ಮಾಲೀಕನ ಸಹಿ ಒಂದು ಬಾಕಿ. ಅಪ್ಪ ಅದನ್ನು ಟವೆಲ್ಲಿನ ತುದಿಗೆ ಗಂಟು ಹಾಕಿಕೊಂಡು ಪಟೇಲನ ಮನೆಗೆ ಹೋದ. ಜೊತೆಗೆ ಅಮ್ಮನೂ ಹೋದಳು. ನಾನೂ ಬರುತ್ತೇನೆ ಎಂದರೆ ಬೇಡ ಎಂದರು.

ಬಂದಾಗ ಸಹಿ ಆಗಿತ್ತು. ಅಪ್ಪ ಹಿಗ್ಗಿದ್ದ.

"ಪಟೇಲಪ್ಪ ಏನಂದ್ರು?" ಎಂದೆ.

"ಓದ್ಲಿ ಅಂದ್ರು. ಇನ್ನೇನು ಅಂತಾರೆ. ನೀನು ಓದು ದೇವಮ್ಮಾ, ಬೇರೆ ಮಾತು ಬ್ಯಾಡ" ಎಂದಳು ಅಮ್ಮ. ಒಲೆ ಕಡೆ ತಿರುಗಿ ಕೂತಳು.

ಅಮ್ಮ ಆಂಜಿನಮ್ಮ ಪಟೇಲನ ಚರಕದ ಶೆಡ್ಡಿನಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದಳು. ಶಿಡ್ಲಘಟ್ಟದ ಸೀಮೆಯಲ್ಲಿ ಈ ಕೆಲಸ ಕಾಣದವರಿಲ್ಲ. ಕಾಣದೆ ಪಟ್ಟೆ ಸೀರೆ ಉಡುವವರು ಕೇಳಿಸಿಕೊಳ್ಳಲಿ. ಮಣ್ಣಿನ ಒಲೆ. ಅದರ ಮೇಲೆ ಬಾಣಲೆ. ಬಾಣಲೆಯಲ್ಲಿ ಕುದಿಯುವ ನೀರು. ನೀರಿನಲ್ಲಿ ಗೂಡು, ಗೂಡಿನೊಳಗೆ ಬೇಯುವ ಹುಳು. ಬೇಯುತ್ತಿರುವಾಗಲೇ ಬರಿಗೈ ಹಾಕಿ ಎಳೆಯ ತುದಿ ಹುಡುಕಬೇಕು, ಎಳೆಗೆ ಎಳೆ ಕೂಡಿಸಿ ರಾಟೆಗೆ ಬಿಡಬೇಕು. ಹದ ತಪ್ಪಿ ಬೆಂದರೆ ಎಳೆ ಕಿತ್ತು ಬರುತ್ತದೆ, ಗೂಡೆಲ್ಲ ಮುದ್ದೆಯಾಗುತ್ತದೆ. ಆಮೇಲೆ ತಿಪ್ಪೆಗೇ ಅದು. ಹಾಗಾಗಿ ಒಲೆ ಮುಂದೆ ಕೂತವಳು ಉಚ್ಚೆಗೂ ಏಳುವ ಹಾಗಿಲ್ಲ. ಅಮ್ಮ ಏಳುವ ಹಾಗಿರಲಿಲ್ಲ, ನಾನು ಕೂರುವ ಹಾಗಿರಲಿಲ್ಲ. ಇಬ್ಬರೂ ಅದೇ ಪಟೇಲನ ಕೆಳಗಿದ್ದೆವು.

ಬೆಂದ ಹುಳುವಿನ ನಾತ ಗೊತ್ತೇ ನಿಮಗೆ? ಸೋಪಿಗೆ ಹೋಗುವುದಿಲ್ಲ, ಸೀಗೆಪುಡಿಗೆ ಹೋಗುವುದಿಲ್ಲ. ಅಮ್ಮನ ಸೀರೆಯಲ್ಲಿತ್ತು, ತಲೆಗೂದಲಲ್ಲಿತ್ತು, ನಾವು ಹೊದೆಯುವ ಕೌದಿಯಲ್ಲಿತ್ತು. ನನ್ನ ಲಂಗ ದಾವಣಿಯಲ್ಲೂ ಇತ್ತು. ಕ್ಲಾಸಿನಲ್ಲಿ ನಾನು ಕೂತ ಬೆಂಚಿನಿಂದ ಹುಡುಗಿಯರು ಒಬ್ಬೊಬ್ಬರಾಗಿ ಎದ್ದು ಹೋದರು. ಜುಲೈ ಮುಗಿಯುವ ಹೊತ್ತಿಗೆ ಆ ಬೆಂಚು ನನ್ನೊಬ್ಬಳದಾಗಿತ್ತು.

ಶೆಡ್ಡಿನ ಕೆಲಸ ಐದು ಗಂಟೆಗೆ ಮುಗಿಯುತ್ತಿತ್ತು. ನಾನು ಬಸ್ಸಿಳಿದು ಕೇರಿ ಕಡೆ ನಡೆಯುವಾಗ ಬೇರೆ ಹೆಂಗಸರು ಮನೆ ಸೇರಿರುತ್ತಿದ್ದರು. ಅಮ್ಮ ಮಾತ್ರ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಕೇಳಿದರೆ "ಗೂಡು ಜಾಸ್ತಿ ಬಂದೈತೆ, ಕೆಲಸ ಐತೆ" ಎನ್ನುತ್ತಿದ್ದಳು. ದೀಪಾವಳಿ ಹೊತ್ತಿಗೆ ಅವಳ ಬೆರಳ ತುದಿಯ ಚರ್ಮ ಪದರ ಪದರವಾಗಿ ಎದ್ದಿತ್ತು. ಸಂಕ್ರಾಂತಿ ಹೊತ್ತಿಗೆ ಮುದ್ದೆ ಕಟ್ಟಲು ಆಗುತ್ತಿರಲಿಲ್ಲ. ಅಪ್ಪ ಕಟ್ಟುತ್ತಿದ್ದ. ಊಟ ಮಾಡುವಾಗ ಸಾರಿನ ಖಾರ ತಾಗಿ ಅವಳು ಉಸಿರು ಎಳೆದುಕೊಳ್ಳುವುದು ಕೇಳಿಸುತ್ತಿತ್ತು. ಬೇರೆ ಹೆಂಗಸರ ಕೈಯೂ ಬೇಯುತ್ತಿತ್ತು, ಆದರೆ ಇಷ್ಟು ಬೆಂದಿರಲಿಲ್ಲ. ನನಗೆ ಯಾಕೆ ಹೊಳೆಯಲಿಲ್ಲ? ಓದುವ ಹುಚ್ಚಿನಲ್ಲಿ ಕಣ್ಣು ಕುರುಡಾಗಿತ್ತು. ಇವತ್ತಿಗೂ ಅದು ನನ್ನ ಎದೆಯಲ್ಲಿ ಮುಳ್ಳು.

ಫೆಬ್ರವರಿಯಲ್ಲಿ ಒಂದು ದಿನ ಸಾಯಂಕಾಲ ಬರುವಾಗ ನಾನು ಮುಟ್ಟಾಗಿದ್ದೆ. ಹೊಟ್ಟೆ ಹಿಂಡುತ್ತಿತ್ತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಕಣ್ಣು ಕತ್ತಲೆ ಕಟ್ಟಿತು. ಪಕ್ಕದಲ್ಲಿದ್ದ ಖಾಲಿ ಸೀಟಿನ ಮೇಲೆ ಕುಸಿದು ಕೂತೆ. ಕೂತು ಉಸಿರು ಬಿಟ್ಟಿರಲಿಲ್ಲ, ಕೋನಪ್ಪ ಬಂದ.

"ಏಯ್ ಬಯ್ಯನ ಮಗಳೇ. ಲೇಚಿ ನಿಲಬಡು." ಸಿಟ್ಟು ಬಂದರೆ ಅವನಿಗೆ ತೆಲುಗು ಬರುತ್ತಿತ್ತು. "ಎದ್ದು ನಿಂತ್ಕೋ."

"ಅಣ್ಣಾ, ಹುಷಾರಿಲ್ಲ. ಒಂದೈದು ನಿಮಿಷ."

"ಹುಷಾರಿಲ್ಲದಿದ್ರೆ ಮನೇಲಿರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ನಿಮ್ಮಮ್ಮ ದಿನಾ ಬಿಟ್ಟಿ ಒಂದು ಬಾಣಲೆ ಬೇಯಿಸ್ತಾಳಲ್ಲ, ಅದು ನೀನು ನಿಂತ್ಕೊಳ್ಳೋ ಜಾಗಕ್ಕೆ. ಕೂತ್ಕೊಳ್ಳೋ ಜಾಗಕ್ಕಲ್ಲ. ಏಳು!"

ಎದ್ದೆ. ಮಾತು ಮಾತ್ರ ಕಿವಿಯಲ್ಲೇ ನಿಂತಿತು. ಬಿಟ್ಟಿ ಒಂದು ಬಾಣಲೆ.

ಶೆಡ್ಡು ಊರಿಗೆ ಅರ್ಧ ಮೈಲಿ ಈಚೆ, ರಸ್ತೆ ಪಕ್ಕದಲ್ಲೇ ಇತ್ತು. ಅಲ್ಲೇ ಇಳಿದೆ. ಹತ್ತು ಒಲೆ ಆರಿದ್ದವು. ಕೊನೆಯ ಒಲೆ ಉರಿಯುತ್ತಿತ್ತು. ಅದರ ಮುಂದೆ ಅಮ್ಮ ಒಬ್ಬಳೇ. ರಾಟೆ ತಿರುಗಿಸುವವರೂ ಇಲ್ಲ. ಎಡಗೈಯಲ್ಲಿ ರಾಟೆ ತಿರುಗಿಸುತ್ತಾ ಬಲಗೈ ಬಾಣಲೆಯಲ್ಲಿ ಅದ್ದಿ ಅದ್ದಿ ತೆಗೆಯುತ್ತಿದ್ದಳು. ಪಕ್ಕದ ಕುಡಿಕೆಯಲ್ಲಿ ತಣ್ಣೀರು. ಪ್ರತಿ ಸಲ ಕೈ ತೆಗೆದಾಗ ಅದರಲ್ಲಿ ಒಮ್ಮೆ ಮುಳುಗಿಸಿ "ಉಸ್" ಎನ್ನುತ್ತಿದ್ದಳು. ನಾನು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ.

"ಅಮ್ಮಾ."

ಬೆಚ್ಚಿದಳು. ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಯಾರಿಗೆ ಈ ಬಾಣಲೆ? ಕೂಲಿ ಎಷ್ಟು?"

"ಕೂಲಿ ಏನಿಲ್ಲ ಕಣಮ್ಮಾ. ನಿನ್ನ ಬಸ್ಸಿಂದು." ಎಷ್ಟು ಸಲೀಸಾಗಿ ಹೇಳಿದಳೆಂದರೆ, ಮನೆ ಕಸ ಗುಡಿಸುತ್ತಿದ್ದೇನೆ ಎಂದ ಹಾಗೆ. "ಸರ್ಕಾರ ಅರ್ಧ ಬಿಟ್ಬಿಡು ಅಂತು. ಆ ಬಿಟ್ಟ ಅರ್ಧ ಯಾರು ತುಂಬ್ತಾರೆ? ಪಟೇಲಪ್ಪ ಕೇಳಿದ್ರು, ನನ್ನ ಬಸ್ಸೇನು ನೀರು ಕುಡ್ದು ಓಡುತ್ತಾ ಅಂತ. ನ್ಯಾಯ ತಾನೆ? ಎಲ್ಲಾರೂ ಎದ್ದು ಹೋದ ಮೇಲೆ ದಿನಾ ಒಂದು ಬಾಣಲೆ ಹಾಕ್ಕೊಡು ಅಂದ್ರು. ಹೂಂ ಅಂದೆ."

"ಊರೊಳಗಿನ ಹುಡುಗರ ಅರ್ಧ ಯಾರು ತುಂಬ್ತಾ ಇದಾರೆ?"

ಅಮ್ಮ ನನ್ನ ಮುಖ ನೋಡಿದಳು. ಆ ಪ್ರಶ್ನೆ ಅವಳ ತಲೆಗೆ ಬಂದೇ ಇರಲಿಲ್ಲ. ಹೇಗೆ ಬರಬೇಕು? ನಮ್ಮವರಿಗೆ ಯಾವುದು ಪುಕ್ಕಟೆ ಸಿಕ್ಕಿದೆ? ಕೊಡ ನೀರು ಹೊಯ್ಯಿಸಿಕೊಳ್ಳಲು ಬಾವಿ ಕಟ್ಟೆ ಗುಡಿಸಬೇಕು. ಹಿಡಿ ಕಾಳಿಗೆ ಕಣ ಕಾಯಬೇಕು. ಊರ ಹೆಣ ಹೊರುವವರ ಮುಂದೆ ತಮಟೆ ಬಡಿದರೆ ಒಂದು ತುಂಡು ಬಟ್ಟೆ. ಕೊಟ್ಟಿದ್ದಕ್ಕೆಲ್ಲ ಮೈ ಮುರಿಯಬೇಕು ಎಂದು ಅವಳಿಗೆ ಅವಳಮ್ಮ ಹೇಳಿಕೊಟ್ಟಿದ್ದಳು. ಹಕ್ಕು ಎಂಬ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಪಟೇಲನಿಗೆ ಇದು ಚೆನ್ನಾಗಿ ಗೊತ್ತಿತ್ತು. ಕಳ್ಳನಿಗೆ ಮನೆಯ ಹಿಂಬಾಗಿಲು ಗೊತ್ತಿರುತ್ತದಲ್ಲ, ಹಾಗೆ.

ಮಾರನೇ ದಿನ ಕಾಲೇಜಿನ ಆಫೀಸಿಗೆ ಹೋದೆ. ಗುಮಾಸ್ತರು ವಯಸ್ಸಾದವರು, ಮೂಗಿನ ತುದಿಗೆ ಕನ್ನಡಕ. ಫಾರಂ ತೋರಿಸಿ ಕೇಳಿದೆ.

"ಇದಕ್ಕೆ ಬಸ್ಸಿನವರಿಗೆ ಏನಾದ್ರೂ ಕೊಡಬೇಕಾ ಸಾರ್?"

"ಅರ್ಧ ಚಾರ್ಜು ಕೊಡಬೇಕು."

"ಮಿಕ್ಕಿದ ಅರ್ಧ?"

"ಮಿಕ್ಕಿದ್ದು ಬಿಟ್ಟ ಹಾಗೆ ಕಣಮ್ಮ. ಬಿಟ್ಟ ಮೇಲೆ ಬಿಟ್ಟ ಹಾಗೇ ತಾನೆ? ಅದನ್ನ ಯಾರೂ ತುಂಬಬೇಕಾಗಿಲ್ಲ."

ಹೇಳಿದೆ. ಅಮ್ಮನ ಬಾಣಲೆ ವಿಷಯ, ಕೈ ವಿಷಯ, ಎಲ್ಲ. ಅವರು ಕನ್ನಡಕ ತೆಗೆದು ಒರೆಸಿದರು. "ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ. ಅರ್ಜಿ ಬರಿ. ನಾನು ಮೇಲಕ್ಕೆ ಕಳಿಸ್ತೀನಿ. ಆದರೆ ನೋಡಮ್ಮ, ಅರ್ಜಿ ಹೋಗಿ ಬರೋ ಹೊತ್ತಿಗೆ ನಿನ್ನ ಪರೀಕ್ಷೆ ಮುಗಿದಿರುತ್ತೆ. ನಿಮ್ಮೂರಿಗೆ ಇರೋದು ಒಂದೇ ಬಸ್ಸು. ಯೋಚನೆ ಮಾಡು."

ಅರ್ಜಿ ಬರೆದು ಕೊಟ್ಟೆ. ಮನೆಗೆ ಬಂದು ಬರೆದದ್ದನ್ನು ಅಪ್ಪ ಅಮ್ಮನಿಗೆ ಹೇಳಿದೆ. ಅಪ್ಪನ ಮುಖ ಬಿಳುಚಿಕೊಂಡಿತು.

"ಇಷ್ಟಕ್ಕೇ ಬಿಡು ತಾಯಿ. ಅವರ ಜಮೀನಿನ ಅಂಚಲ್ಲಿ ನಮ್ಮ ಗುಡಿಸ್ಲು. ಅವರ ಬಾಯಲ್ಲಿ ನನ್ನ ತೋಟಿ ಕೆಲಸ. ಇನ್ನು ಮೂರು ವಾರ. ಪರೀಕ್ಷೆ ಮುಗೀಲಿ. ನಿನ್ನ ಕಾಲು ಹಿಡ್ಕೊಂತೀನಿ."

ನನ್ನಪ್ಪ ನನ್ನ ಕಾಲು ಹಿಡಿಯುತ್ತೇನೆ ಎಂದ. ನನಗೆ ಸಿಟ್ಟು, ಅಳು ಒಟ್ಟೊಟ್ಟಿಗೇ ಬಂತು. ಅಮ್ಮ "ಬಿಟ್ಟ ಮೇಲೆ ಬಿಟ್ಟ ಹಾಗೇನಾ?" ಎಂದು ಒಂದು ಸಲ ಕೇಳಿದಳು ಅಷ್ಟೇ. ಹೂಂ ಎಂದೆ. ಮಾರನೇ ದಿನ ಎಂದಿನಂತೆ ಶೆಡ್ಡಿಗೆ ಹೋದಳು, ದೀಪದ ಹೊತ್ತಿಗೆ ಬಂದಳು. ಮೂರು ವಾರ ಹಾಗೇ ಕಳೆಯಿತು, ಅರ್ಜಿಗೆ ಉತ್ತರ ಬರಲಿಲ್ಲ. ನಾನೂ ಹಲ್ಲು ಕಚ್ಚಿ ನಿಂತೇ ಹೋದೆ.

ಪರೀಕ್ಷೆ ದಿನ ಬಂತು. ಹತ್ತು ಗಂಟೆಗೆ ಹಾಲಿನಲ್ಲಿರಬೇಕು. ಹತ್ತೂವರೆ ಆದರೆ ಒಳಗೆ ಬಿಡುವುದಿಲ್ಲ ಎಂದು ಹಾಲ್‌ಟಿಕೀಟಿನ ಮೇಲೇ ಇತ್ತು. ಬಸ್ಸು ಎಂಟಕ್ಕೆ ಹೊರಡುತ್ತದೆ. ಗುಂಡಿ ರಸ್ತೆ, ಊರೂರಿಗೆ ಸ್ಟಾಪು, ಒಂದೂವರೆ ಗಂಟೆ ಬೇಕು. ಹಾಲ್‌ಟಿಕೀಟನ್ನು ರವಿಕೆಯೊಳಗೆ ಇಟ್ಟುಕೊಂಡು, ನೋಟ್ಸು ತುಂಬಿದ ಚೀಲ ತಗುಲಿಸಿಕೊಂಡು ಬಸ್ಸು ಹತ್ತಿದೆ. ಮೂರನೇ ಸಾಲಿನಲ್ಲಿ ಎರಡು ಸೀಟು ಖಾಲಿ ಇದ್ದವು. ಮೊದಲೇ ಯೋಚನೆ ಮಾಡಿದ್ದೆನೇ? ಇಲ್ಲ. ಕಾಲು ತಾನಾಗಿ ಹೋಯಿತು. ಕಿಟಕಿ ಪಕ್ಕ ಕೂತು ನೋಟ್ಸು ಬಿಚ್ಚಿದೆ.

"ಏಯ್. ಏನದು?" ಕೋನಪ್ಪ ಬಂದ.

"ಓದ್ಕೊಂತಾ ಇದೀನಿ."

"ನಿಂತ್ಕೊಂಡು ಓದ್ಕೋ. ಅರ್ಧ ಟಿಕೀಟಿಗೆ ಸೀಟಿಲ್ಲ."

ಮುಂದಿನ ಸಾಲಿನಲ್ಲಿ ಆ ಇಬ್ಬರು ಹುಡುಗರಿದ್ದರು. ಅವರ ಕಡೆ ಕೈ ತೋರಿಸಿದೆ. "ಅವರದೂ ಅರ್ಧಾನೇ. ಅವರು ಎದ್ರೆ ನಾನೂ ಏಳ್ತೀನಿ."

ಹುಡುಗರು ಪುಸ್ತಕದೊಳಗೆ ತಲೆ ತೂರಿಸಿದರು. ಕೋನಪ್ಪನ ಮುಖ ಕಪ್ಪಿಟ್ಟಿತು. ನನ್ನ ತೋಳಿನ ಕಡೆ ಕೈ ಚಾಚಿದ, ಚಾಚಿ ಅಲ್ಲೇ ನಿಲ್ಲಿಸಿದ. ಎಬ್ಬಿಸಬೇಕಾದರೆ ಮುಟ್ಟಬೇಕು. ಇಷ್ಟು ಜನರ ಮುಂದೆ ಹೊಲಗೇರಿ ಹುಡುಗಿಯನ್ನು ಮುಟ್ಟಿ ಮನೆಗೆ ಹೇಗೆ ಹೋಗುತ್ತಾನೆ? ಹುಟ್ಟಿದಾಗಿನಿಂದ ನನ್ನ ಮೈಗೆ ಅಂಟಿಸಿದ್ದ ಆ ಮೈಲಿಗೆ ನನ್ನ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಅಷ್ಟರಲ್ಲಿ ಶೆಡ್ಡು ಬಂತು. ಪಟೇಲ ದಿನಾ ಬೆಳಿಗ್ಗೆ ಒಲೆಗಳನ್ನು ನೋಡಿಕೊಂಡು ಅಲ್ಲೇ ಬಸ್ಸು ಹತ್ತುತ್ತಿದ್ದ. ಬಿಳಿ ಪಂಚೆ, ಕೋಟು, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು. ಹತ್ತಿದ. ಕೋನಪ್ಪ ಓಡಿಹೋಗಿ ಕಿವಿಯಲ್ಲಿ ಹೇಳಿದ. ಪಟೇಲ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಡ್ರೈವರಿಗೆ ಹೇಳಿದ.

"ಇಂಜಿನ್ ಆಫ್ ಮಾಡಪ್ಪ. ಅದು ಏಳೋವರೆಗೂ ಬಸ್ಸು ಹೊರಡಲ್ಲ."

ಅದು. ಹದಿನೇಳು ವರ್ಷದ ಹೆಣ್ಣು ಮಗಳಿಗೆ ಅದು.

ಇಂಜಿನ್ ನಿಂತಿತು. ಶೆಡ್ಡಿನ ರಾಟೆಗಳ ಸದ್ದು ಕೇಳಿಸತೊಡಗಿತು. ಕಾಲು ಗಂಟೆ ಹೋಯಿತು. ಮೊದಲು ಗೊಣಗಿದವರು ಆಮೇಲೆ ನನ್ನ ಮೇಲೇ ಬಿದ್ದರು.

"ಏಳಮ್ಮಾ ತಾಯಿ, ಕೋರ್ಟಿದೆ ನಂಗೆ."

"ಒಂದು ಹೆಣ್ಣಿಗೆ ಇಷ್ಟು ಕೊಬ್ಬಾ?"

"ಓದ್ಸಿದ್ರೆ ಹಿಂಗೇ ಆಗೋದು."

ಮುರುಗಮಲ್ಲ ದರ್ಗಾಕ್ಕೆ ಹೊರಟಿದ್ದ ಒಬ್ಬ ಮುದುಕ ಸಾಬರು ಮಾತ್ರ "ಕೂತ್ಕೊಳ್ಳಲಿ ಬಿಡೀಪ್ಪಾ, ಸೀಟೇನು ಸವೆದು ಹೋಗ್ತದಾ" ಎಂದರು. ಅವರ ಮಾತು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸುಳ್ಳು ಯಾಕೆ ಹೇಳಲಿ, ಭಯ ಹಿಡಿದಿತ್ತು. ಪರೀಕ್ಷೆ ಹೋಗುತ್ತದೆ. ಎದ್ದರೆ ಸಿಗುತ್ತದೆ. ಹಿಂದಕ್ಕೆ ಹತ್ತು ಹೆಜ್ಜೆ ಅಷ್ಟೇ. ಒಂಬತ್ತು ತಿಂಗಳು ನಿಂತವಳಿಗೆ ಇನ್ನೊಂದು ದಿನ ಏನು? ಏಳು ಏಳು ಎಂದು ನನ್ನ ಒಳಗೇ ಒಬ್ಬಳು ಹೇಳುತ್ತಿದ್ದಳು. ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಕೋನಪ್ಪ ಪಟೇಲನ ಕೋಲು ಇಸಿದುಕೊಂಡು ಬಂದ. ಮುಟ್ಟದೆ, ಕೋಲಿನ ತುದಿಯಿಂದ ನನ್ನ ಚೀಲದ ಹಿಡಿ ಎತ್ತಿ ಕಿಟಕಿಯಿಂದಾಚೆ ಎಸೆದ. ನೋಟ್ಸೆಲ್ಲ ಶೆಡ್ಡಿನ ಮುಂದೆ ಧೂಳಿನಲ್ಲಿ ಚೆಲ್ಲಿದವು. "ಹೋಗು. ಎತ್ಕೋ ಹೋಗು" ಎಂದು ನಕ್ಕ. ಎತ್ತಿಕೊಳ್ಳಲು ಇಳಿದರೆ ಬಸ್ಸು ಹೊರಡುತ್ತದೆ ಎಂದು ನನಗೆ ಗೊತ್ತಿತ್ತು. ಇಳಿಯಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಶೆಡ್ಡಿನ ಬಾಗಿಲ ಹತ್ತಿರದ ಒಲೆ ಮುನಿಗಂಗಮ್ಮನದು. ಅವಳು ಕೂಗಿದ್ದು ಕೇಳಿಸಿತು. "ಆಂಜಿನಕ್ಕಾ! ನಿನ್ನ ಮಗಳ ಪುಸ್ತಕ ಬೀದಿಗೆ ಹಾಕವ್ರೆ!"

ಅಮ್ಮ ಹೊರಗೆ ಬಂದಳು. ಒದ್ದೆ ಕೈಯಲ್ಲೇ ಒಂದೊಂದೇ ಹಾಳೆ ಆರಿಸಿ ಚೀಲಕ್ಕೆ ತುಂಬಿದಳು. ಅವಸರ ಮಾಡಲಿಲ್ಲ. ತುಂಬಿಕೊಂಡು ಮುಂದಿನ ಬಾಗಿಲಿನಿಂದ, ಪಟೇಲ ಹತ್ತುವ ಬಾಗಿಲಿನಿಂದ, ಬಸ್ಸು ಹತ್ತಿದಳು. ಜನ್ಮದಲ್ಲಿ ಮೊದಲ ಸಲ. ಕಂಬಿ ಹಿಡಿಯುವುದು ಹೇಗೆಂದು ಗೊತ್ತಾಗದೆ ಸ್ವಲ್ಪ ಮುಗ್ಗರಿಸಿದಳು. ಪಟೇಲನ ಪಕ್ಕದಲ್ಲೇ ಹಾದು ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತಳು.

"ಆಂಜಿನೀ, ಇಳಿಯೇ ಕೆಳಗೆ! ಒಲೆ ಮೇಲೆ ಗೂಡು ಬಿಟ್ಟು ಬಂದಿದ್ದೀಯ" ಎಂದ ಪಟೇಲ. ಈಗ ತಿರುಗಿ ನೋಡಿದ.

"ಬೇಯ್ಲಿ ಸ್ವಾಮಿ."

"ಏನಂದೆ?"

"ಬೇಯ್ಲಿ ಅಂದೆ. ಒಂದು ಮಾತು ಕೇಳ್ತೀನಿ, ಆಮೇಲೆ ಹೋಗ್ತೀನಿ." ಅವಳ ಧ್ವನಿ ಜೋರಾಗಿರಲಿಲ್ಲ. "ಜೂನ್ ತಿಂಗಳಲ್ಲಿ ನಿಮ್ಮ ಜಗಲಿ ಕೆಳಗೆ ನಿಲ್ಸಿ ನೀವೇ ಅಂದ್ರಿ. ಸರ್ಕಾರ ಬಿಟ್ಟ ಅರ್ಧ ನೀನು ತುಂಬು ಅಂತ. ದಿನಾ ಒಂದು ಬಾಣಲೆ. ಒಂದು ದಿನ ತಪ್ಪಿಸಿದೀನಾ? ಜ್ವರ ಬಂದಾಗ ತಪ್ಪಿಸಿದೀನಾ? ಅವಳಪ್ಪನ ತಮ್ಮ ಸತ್ತ ದಿನ ತಪ್ಪಿಸಿದೀನಾ? ಹೇಳ್ರಿ."

ಪಟೇಲ ಕೋಟಿನ ಗುಂಡಿ ಹಾಕಿಕೊಂಡ.

"ಅರ್ಧ ಅವಳು ದುಡ್ಡಲ್ಲಿ ಕೊಟ್ಟಳು. ಅರ್ಧ ನಾನು ಕೈಯಲ್ಲಿ ಕೊಟ್ಟೆ." ಎರಡೂ ಕೈ ಎತ್ತಿ ಹಿಡಿದಳು. ಚರ್ಮ ಬಿಳಿಚಿ, ಸುಲಿದು, ಬೆರಳ ಸಂದಿಯಲ್ಲಿ ಕೆಂಪು ಮಾಂಸ ಕಾಣುತ್ತಿತ್ತು. ಮುಂದೆ ಕೂತಿದ್ದ ಒಬ್ಬ ಹೆಂಗಸು ಮುಖ ತಿರುಗಿಸಿಕೊಂಡಳು. "ಕೋನಪ್ಪಾ, ನಾನು ಓದಿದೋಳಲ್ಲ. ನೀನು ಟಿಕೀಟು ಹರಿಯೋನು. ಅರ್ಧಕ್ಕೆ ಅರ್ಧ ಸೇರಿದ್ರೆ ಎಷ್ಟಪ್ಪಾ?"

ಕೋನಪ್ಪ ಪಟೇಲನ ಮುಖ ನೋಡಿದ.

"ಒಂದು" ಎಂದರು ಮುದುಕ ಸಾಬರು.

"ಒಂದು. ಹಂಗಾದ್ರೆ ನನ್ನ ಮಗಳದು ಪೂರಾ ಟಿಕೀಟು. ಅವಳಿಗೆ ಸೀಟೈತೆ. ಒಂಬತ್ತು ತಿಂಗಳಿಂದ ಐತೆ. ಅವಳು ಏಳಲ್ಲ. ಬಸ್ಸು ಬಿಡ್ರಿ."

"ನಿನ್ನ ಹತ್ರ ಬಿಟ್ಟಿ ಬೇಯಿಸ್ಕೊಂಡ್ರಾ?" ಎಂದ ಕೋರ್ಟಿಗೆ ಹೊರಟಿದ್ದವನು. ಪಕ್ಕದವನು ಅವನ ತೊಡೆ ಚಿವುಟಿದ. ಆದರೆ ಮಾತು ಬಾಯಿಂದ ಬಾಯಿಗೆ ಹಿಂದಿನ ಸಾಲಿನವರೆಗೆ ಹೋಯಿತು. ಕಾಲೇಜು ಮಕ್ಕಳ ಚಾರ್ಜಿಗೆ ತಾಯಿ ಕೈ ಬೇಯಿಸಿಕೊಂಡಳಂತೆ. ಪಟೇಲನ ಕುತ್ತಿಗೆ ನರ ಉಬ್ಬಿತು.

"ನಾನೂ ನೋಡ್ತೀನಿ ಎಷ್ಟೊತ್ತು ಕೂರ್ತೀರೋ" ಎಂದು ತನ್ನ ಸೀಟಿನಲ್ಲಿ ಕೂತ.

ಆಗ ಒಂದು ರಾಟೆಯ ಸದ್ದು ನಿಂತಿತು. ಮುನಿಗಂಗಮ್ಮನದು. ಅವಳು ಹೊರಗೆ ಬಂದು ಸೆರಗಿಗೆ ಕೈ ಒರೆಸಿಕೊಂಡು ನಿಂತಳು. ಅವಳ ಹಿಂದೆ ಇನ್ನೊಬ್ಬಳು. ಇನ್ನಿಬ್ಬರು. ಒಂದೊಂದೇ ರಾಟೆ ನಿಲ್ಲುತ್ತಾ ಬಂತು. ಕೊನೆಗೆ ಯಾವ ಸದ್ದೂ ಇಲ್ಲ. ಹತ್ತು ಹೆಂಗಸರು ರಸ್ತೆ ಅಂಚಿನಲ್ಲಿ ಸಾಲಾಗಿ ನಿಂತರು. ಯಾರೂ ಕೂಗಲಿಲ್ಲ, ಬೈಯಲಿಲ್ಲ. ಬಸ್ಸನ್ನೇ ನೋಡುತ್ತಾ ನಿಂತರು.

ಒಳಗೆ ಹನ್ನೊಂದು ಒಲೆ ಉರಿಯುತ್ತಿದ್ದವು. ಹನ್ನೊಂದು ಬಾಣಲೆಯಲ್ಲಿ ಗೂಡು.

"ಏಯ್! ಒಳಗೆ ಹೋಗ್ರೇ!" ಪಟೇಲ ಕಿಟಕಿಯಿಂದ ಕಿರುಚಿದ. "ಗೂಡು ಹಾಳಾಗುತ್ತೆ!"

"ಬಸ್ಸು ಹೊರಡ್ಲಿ ಪಟೇಲಪ್ಪಾ, ಹೋಗ್ತೀವಿ" ಎಂದಳು ಮುನಿಗಂಗಮ್ಮ.

ಕೋನಪ್ಪ ಕೆಳಗಿಳಿದು ಓಡಿದ. ಒಂದು ಬಾಣಲೆಗೆ ಕೈ ಹಾಕಿದ. "ಅಯ್ಯಯ್ಯಪ್ಪಾ!" ಎಂದು ಕೈ ಕೊಡವಿಕೊಂಡು ಹೊರಗೆ ಬಂದ. ರಸ್ತೆಯಲ್ಲಿದ್ದ ಹೆಂಗಸರು ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಹೆಂಗಸರು ಪಟೇಲನ ಮುಂದೆ ಹಾಗೆ ನಕ್ಕಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ನಾತ ಶುರುವಾಯಿತು. ಹದ ಮೀರಿ ಬೆಂದ ಗೂಡಿನ ನಾತ. ಬಸ್ಸಿನೊಳಗೆ ಬಂತು. ಜನ ಮೂಗು ಮುಚ್ಚಿಕೊಂಡರು. ಕೋನಪ್ಪನ ಗಡಿಯಾರದಲ್ಲಿ ಹೊತ್ತೆಷ್ಟಾಯಿತೋ ನನಗೆ ಕಾಣುತ್ತಿರಲಿಲ್ಲ. ಬಿಸಿಲು ನನ್ನ ಮೊಣಕಾಲಿನಿಂದ ಪಾದಕ್ಕೆ ಇಳಿದಿತ್ತು. ಮುಂದಿನ ಸಾಲಿನ ಹುಡುಗನೊಬ್ಬ ಅಳುವ ದನಿಯಲ್ಲಿ "ಪಟೇಲಪ್ಪಾ, ನಮಗೂ ಪರೀಕ್ಷೆ ಐತೆ" ಎಂದ. ಪಟೇಲ ಅವನ ಕಡೆ ನೋಡಲಿಲ್ಲ. ಶೆಡ್ಡಿನ ಬಾಗಿಲನ್ನೇ ನೋಡುತ್ತಿದ್ದ. ಮೂಗಿನ ಹೊಳ್ಳೆ ಅರಳುತ್ತಿತ್ತು. ಆ ನಾತದ ಬೆಲೆ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಎದ್ದ. ಪಂಚೆ ಎತ್ತಿಕೊಂಡು ಇಳಿದ. ಇಳಿದವನು ಡ್ರೈವರಿಗೆ "ಹೊಡ್ಕೊಂಡು ಹೋಗಯ್ಯ" ಎಂದ. ಕಿಟಕಿ ಹತ್ತಿರ ಬಂದು ಅಮ್ಮನಿಗೆ ಹೇಳಿದ: "ನಾಳೆಯಿಂದ ನಿನಗೆ ಒಲೆ ಇಲ್ಲ. ನಿನ್ನ ಮಗಳಿಗೆ ಬಸ್ಸಿಲ್ಲ."

"ನಾಳೆ ಮಾತು ನಾಳೆ ಸ್ವಾಮಿ" ಎಂದಳು ಅಮ್ಮ. "ಇವತ್ತು ಚಿಂತಾಮಣಿ ನೋಡ್ಕೊಂಡು ಬರ್ತೀನಿ."

ಬಸ್ಸು ಹೊರಟಿತು. ಹೆಂಗಸರು ಒಳಗೆ ಹೋದರು. ಅಮ್ಮ ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಅವಳ ಕೈ ಸುಡುತ್ತಿತ್ತು. ಕೋನಪ್ಪ ಅವಳ ಹತ್ತಿರ ಟಿಕೀಟು ಕೇಳಲು ಬಂದ, ಸಾಬರು "ದುಡ್ಡು ನಾನು ಕೊಡ್ತೀನಿ, ಹರಿಯಪ್ಪಾ" ಎಂದರು. ಅಮ್ಮ ಅವರಿಗೆ ಕೈ ಮುಗಿದಳು. ಆಮೇಲೆ ಆ ಟಿಕೀಟು ನನಗೆ ತೋರಿಸಿ ಕಿವಿಯಲ್ಲಿ, "ಪೂರಾ ಟಿಕೀಟೇ ತಾನೆ? ನೋಡು, ನೀನು ಓದಿದೋಳು" ಎಂದಳು. ನೋಡಿ ಹೇಳಿದೆ, ಪೂರಾ ಟಿಕೀಟೇ ಎಂದು. ಸೀಟಿನ ಹಿಂದಕ್ಕೆ ಒರಗಿ ಕೂತಳು.

ಕಾಲೇಜಿನ ಗೇಟು ತಲುಪಿದಾಗ ಹತ್ತೂ ಇಪ್ಪತ್ತು. ಅಮ್ಮ ಹೊಂಗೆ ಮರದ ಕೆಳಗೆ ಕೂತಳು. ನಾನು ಓಡಿದೆ.

ಹಾಲಿನಲ್ಲಿ ಎಲ್ಲರೂ ಬರೆಯುತ್ತಿದ್ದರು. ನನ್ನ ನಂಬರು ಮೊದಲನೇ ಸಾಲಿನಲ್ಲಿತ್ತು. ಕೂತು ಪೆನ್ನಿನ ಮುಚ್ಚಳ ತೆಗೆದೆ. ಅಮ್ಮನ ಪಕ್ಕ ಒತ್ತಿಕೊಂಡು ಬಂದ ನನ್ನ ದಾವಣಿಯಿಂದ ಆ ನಾತ ಎದ್ದು ಸುತ್ತ ಹರಡಿತು. ಪಕ್ಕದವಳು ಮೂಗಿಗೆ ಕರ್ಚೀಫು ಹಿಡಿದಳು. ಹಿಂದಿನವನು ಕೆಮ್ಮಿದ. ಮೇಲ್ವಿಚಾರಣೆಗೆ ನಿಂತಿದ್ದ ಮೇಷ್ಟರು ಹತ್ತಿರ ಬಂದು ಎರಡು ಹೆಜ್ಜೆ ದೂರದಲ್ಲೇ ನಿಂತರು.

"ಏನಮ್ಮ ಇದು ವಾಸನೆ? ಎಲ್ಲರಿಗೂ ತೊಂದರೆ ಆಗ್ತಾ ಇದೆ. ಎದ್ದು ಕೊನೇ ಬೆಂಚಿಗೆ ಹೋಗು."

ನಾನು ಪ್ರಶ್ನೆಪತ್ರಿಕೆಯನ್ನು ನನ್ನ ಕಡೆ ಎಳೆದುಕೊಂಡೆ. ಮೊದಲನೇ ಪ್ರಶ್ನೆಯ ನಂಬರು ಹಾಕಿದೆ.

"ಏಳಲ್ಲ ಸಾರ್" ಎಂದೆ. ಬರೆಯಲು ಶುರು ಮಾಡಿದೆ.